52 ಕೆಜಿ ತೂಕದವಳ ಬೆನ್ನಿಗೆ 22 ಕೆಜಿ: ಜಾನ್ ಮ್ಯೂರ್ ಟ್ರೇಲ್‌ಗೆ ಏನು ಒಯ್ಯಲಿ, ಏನು ಬಿಡಲಿ?

ಮಲೆನಾಡಮಳೆ:

ಎಲ್ಲರಿಗೂ ನಮಸ್ಕಾರ. ನನ್ನೂರು ತೀರ್ಥಹಳ್ಳಿ ಕಡೆ, ಈಗ ಇರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಬರುವ ಆಗಸ್ಟ್‌ಗೆ ಜಾನ್ ಮ್ಯೂರ್ ಟ್ರೇಲ್ ಪರ್ಮಿಟ್ ಸಿಕ್ಕಿದೆ! ಲಾಟರಿಯಲ್ಲಿ ನನ್ನ ಹೆಸರು ಬರುತ್ತದೆ ಅಂತ ನಂಬಿಕೆಯೇ ಇರಲಿಲ್ಲ. ಯೊಸೆಮಿಟಿ ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಹೊರಟು ಮೌಂಟ್ ವಿಟ್ನಿ ತುದಿಯವರೆಗೆ, ಸುಮಾರು 340 ಕಿಮೀ. ಒಬ್ಬಳೇ ಹೋಗುತ್ತಿದ್ದೇನೆ. ಕುಮಾರ ಪರ್ವತ, ಕೊಡಚಾದ್ರಿ ಹತ್ತಿದ್ದೇನೆ, ಇಲ್ಲಿಗೆ ಬಂದಮೇಲೆ ಹೆನ್ರಿ ಕೋ ಪಾರ್ಕ್‌ನಲ್ಲಿ ವಾರಾಂತ್ಯದ ಕ್ಯಾಂಪಿಂಗ್ ಮಾಡಿದ್ದೇನೆ. ಇಷ್ಟು ಉದ್ದದ ನಡಿಗೆ ಇದೇ ಮೊದಲು.

ನನ್ನ ಎತ್ತರ 157 ಸೆಂಮೀ, ತೂಕ 52 ಕೆಜಿ. ಮನೆಯಲ್ಲಿ ಇದ್ದದ್ದು, ಗೆಳೆಯರು ಕೊಟ್ಟದ್ದು ಎಲ್ಲ ಒಟ್ಟು ಮಾಡಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 65 ಲೀಟರ್ ಬ್ಯಾಗ್ 2300 ಗ್ರಾಂ. ಇಬ್ಬರ ಟೆಂಟ್ 2100. ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್ 1600. ಗಾಳಿ ತುಂಬಿಕೊಳ್ಳುವ ಮ್ಯಾಟ್ 800. ಕರಡಿ ಡಬ್ಬಿ, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬಿ, 1160. ಒಲೆ, ಪಾತ್ರೆ, ತಟ್ಟೆ, ಚಮಚ 650. ಬ್ಯಾಗಿನೊಳಗಿನ ಬಟ್ಟೆ 2400. ನೀರಿನ ಪಂಪ್ ಫಿಲ್ಟರ್ ಮತ್ತು ಎರಡು ಗಟ್ಟಿ ಬಾಟಲಿ 810. ಕ್ಯಾಮೆರಾ, ಪವರ್ ಬ್ಯಾಂಕ್, ಟಾರ್ಚ್, ವೈರ್ 1200. ಔಷಧಿ, ಸೋಪು, ಪ್ಯಾಡ್ ಎಲ್ಲ ಸೇರಿ 900. ಮಡಚುವ ಕುರ್ಚಿ, ಒಂದು ಪುಸ್ತಕ, ಚಾಕು, ಪೆಪ್ಪರ್ ಸ್ಪ್ರೇ, ಟವೆಲ್ ಹೀಗೆ ಚಿಲ್ಲರೆ 1100.

ಕೂಡಿದರೆ 15 ಕೆಜಿ. ಏಳು ದಿನದ ಊಟ ಮತ್ತು ಎರಡು ಲೀಟರ್ ನೀರು ಹಾಕಿದಾಗ 22 ದಾಟಿತು. ಬೆನ್ನಿಗೆ ಹಾಕಿಕೊಂಡು ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿದರೆ ಮೂರನೇ ಮಹಡಿಗೆ ಸೊಂಟ ಹಿಡಿಯಿತು. ಎಲ್ಲಿಂದ ಕಡಿಮೆ ಮಾಡಲಿ? ಎಲ್ಲವನ್ನೂ ಹೊಸದಾಗಿ ಕೊಳ್ಳುವಷ್ಟು ದುಡ್ಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಲ್ಲುದಾರಿ:

ಪರ್ಮಿಟ್ ಸಿಕ್ಕಿದ್ದಕ್ಕೆ ಅಭಿನಂದನೆ! ತೂಗಿ ಬರೆದದ್ದು ಬಹಳ ಒಳ್ಳೆಯದಾಯಿತು, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಊಟ, ನೀರು, ಗ್ಯಾಸ್ ಬಿಟ್ಟು ಉಳಿದ ಸಾಮಾನಿನ ತೂಕಕ್ಕೆ ಬೇಸ್ ವೇಟ್ ಅಂತಾರೆ. ನಿಮ್ಮದು 15. ಅಮೆರಿಕದ ನಡಿಗೆಯವರ ಲೆಕ್ಕದಲ್ಲಿ 9 ಕೆಜಿಗಿಂತ ಕೆಳಗೆ ಇದ್ದರೆ ಹಗುರ, 4.5 ಕೆಜಿಗಿಂತ ಕೆಳಗೆ ಇದ್ದರೆ ಅಲ್ಟ್ರಾಲೈಟ್. ಆದರೆ ಈ ಅಂಕಿಗಳು 80 ಕೆಜಿಯ ಗಂಡಸಿಗೂ ಒಂದೇ, 52 ಕೆಜಿಯ ನಿಮಗೂ ಒಂದೇ. ಅಲ್ಲೇ ನನಗೆ ತಕರಾರು. ನೀವು ಸಣ್ಣಗಿದ್ದೀರಿ ಅಂತ ಕರಡಿ ಡಬ್ಬಿ ಸಣ್ಣದಾಗುವುದಿಲ್ಲ, ಒಲೆ ಸಣ್ಣದಾಗುವುದಿಲ್ಲ, ಫಿಲ್ಟರ್ ಸಣ್ಣದಾಗುವುದಿಲ್ಲ. ಆ 22 ಕೆಜಿ ನಿಮ್ಮ ಮೈತೂಕದ ನೂರಕ್ಕೆ 42 ಭಾಗ. ಅದೇ ಬ್ಯಾಗು 80 ಕೆಜಿಯವನಿಗೆ 28 ಭಾಗವೂ ಆಗುವುದಿಲ್ಲ. ಹಾಗಾಗಿ ಹಗುರ ಮಾಡುವುದು ನಮ್ಮಂಥವರಿಗೆ ಶೋಕಿ ಅಲ್ಲ. ಮೊಣಕಾಲು ಉಳಿಸಿಕೊಳ್ಳುವ ದಾರಿ ಅದು.

4.5ರ ಹಿಂದೆ ಓಡಬೇಡಿ. ಡಬ್ಬಿಯೊಂದೇ ಅದರ ಕಾಲು ಭಾಗ ತಿನ್ನುತ್ತದೆ. 7 ಕೆಜಿ ಗುರಿ ಇಟ್ಟುಕೊಳ್ಳಿ. ನಿಮ್ಮ ಬ್ಯಾಗು, ಟೆಂಟು, ಸ್ಲೀಪಿಂಗ್ ಬ್ಯಾಗು ಮೂರೇ ಸೇರಿ 6 ಕೆಜಿ ಇವೆ. ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಿ. ಉಳಿದದ್ದು ಮನೆಯಲ್ಲಿ ಬಿಟ್ಟರೆ ಸಾಕು, ಅದಕ್ಕೆ ಖರ್ಚಿಲ್ಲ.

ಒಂದು ಮುಖ್ಯ ಮಾತು: ಬ್ಯಾಗನ್ನು ಕೊನೆಗೆ ಕೊಳ್ಳಿ. ಎಲ್ಲರೂ ಮೊದಲು ಬ್ಯಾಗ್ ತಗೊಳ್ತಾರೆ, ಆಮೇಲೆ ಅದು ತುಂಬುವವರೆಗೂ ಸಾಮಾನು ಹಾಕ್ತಾರೆ.

ಗ್ರಾಂಲೆಕ್ಕ:

ಸಿಯಾಟಲ್‌ನಿಂದ. ನನ್ನ ಪ್ರಕಾರ ಟೆಂಟ್ ಬಿಟ್ಟು ಟಾರ್ಪ್ (ಮೇಲೆ ಕಟ್ಟುವ ಬರೀ ಹೊದಿಕೆ) ತಗೊಳ್ಳಿ, ಒಲೆ ಬಿಟ್ಟು ತಣ್ಣೀರಲ್ಲಿ ನೆನೆಸಿ ತಿನ್ನಿ, ಕುರ್ಚಿ ಪುಸ್ತಕ ಕ್ಯಾಮೆರಾ ಎಲ್ಲ ಬಿಡಿ. 5 ಕೆಜಿಗೆ ಇಳಿಯುತ್ತೀರಿ. ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿ 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬರೇ ನಡೆದರು. 11 ಮಕ್ಕಳ ತಾಯಿ. ಕಾಲಿಗೆ ಕೆಡ್ಸ್ ಬಟ್ಟೆ ಶೂ, ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಮಳೆಗೆ ಬಾತ್‌ರೂಮಿನ ಪ್ಲಾಸ್ಟಿಕ್ ಪರದೆ. ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ.

ಸಂಪಿಗೆಮರ:

ಗೇಟ್‌ವುಡ್ ಅಜ್ಜಿಯ ಬಗ್ಗೆ ನನಗೂ ಅಷ್ಟೇ ಗೌರವ. ಆದರೆ ಅವರು ನಡೆದ ದಾರಿಯಲ್ಲಿ ಆಗಾಗ ರಸ್ತೆ ಸಿಗುತ್ತದೆ, ಊರು ಸಿಗುತ್ತದೆ, ಅವರು ಎಷ್ಟೋ ರಾತ್ರಿ ಯಾರದೋ ಮನೆಯಲ್ಲಿ ಮಲಗಿದ್ದರು. ನಿಮ್ಮ ದಾರಿ ಹೋಗುವ ಸಿಯೆರಾ ಬೆಟ್ಟಸಾಲಿನಲ್ಲಿ ಮಲಗುವುದು 3000 ಮೀಟರ್ ಮೇಲೆ. ಆಗಸ್ಟ್‌ನಲ್ಲೂ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತದೆ, ಕೆಲವು ಸಲ ಅದಕ್ಕೂ ಕೆಳಗೆ. ಚಳಿ ವಿಷಯದಲ್ಲಿ ಗ್ರಾಂ ಲೆಕ್ಕ ಹಾಕಬೇಡಿ ಅಂತ ಕೈಮುಗಿದು ಕೇಳ್ತೇನೆ. ಹಗಲಿಡೀ ನಡೆದು ರಾತ್ರಿಯಿಡೀ ನಡುಗಿದರೆ ಮಾರನೇ ದಿನ ಕಾಲು ಏಳುವುದಿಲ್ಲ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ಡಿಗ್ರಿ ಬಗ್ಗೆ ಹೇಳಲೇಬೇಕು, ಏಕೆಂದರೆ ಹೆಂಗಸರಿಗೆ ಇದನ್ನು ಅಂಗಡಿಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಐಎಸ್ಒ 23537 ಅಂತ ಒಂದು ಅಳತೆ ಪದ್ಧತಿ ಇದೆ. ಅದರಲ್ಲಿ ಕಂಫರ್ಟ್ ಅಂತ ಒಂದು ಅಂಕಿ, ಲೋವರ್ ಲಿಮಿಟ್ ಅಂತ ಇನ್ನೊಂದು ಅಂಕಿ. ಕಂಫರ್ಟ್ ಅಂಕಿ ಹೆಂಗಸಿನ ಮೈಯ ಲೆಕ್ಕದಲ್ಲಿ ಬರುತ್ತದೆ, ಕೈಕಾಲು ಸಡಿಲ ಬಿಟ್ಟು ಆರಾಮಾಗಿ ಮಲಗಿದಾಗ. ಲೋವರ್ ಲಿಮಿಟ್ ಗಂಡಸಿನ ಮೈಯ ಲೆಕ್ಕದಲ್ಲಿ, ಮುದುಡಿಕೊಂಡು ಮಲಗಿದಾಗ. ಎಷ್ಟೋ ಕಂಪನಿಗಳು ಚೀಲದ ಹೆಸರಿನಲ್ಲಿ ದೊಡ್ಡದಾಗಿ ಹಾಕುವುದು ಲೋವರ್ ಲಿಮಿಟ್ ಹತ್ತಿರದ ಅಂಕಿಯನ್ನೇ. ಎರಡಕ್ಕೂ ಐದಾರು ಡಿಗ್ರಿ ವ್ಯತ್ಯಾಸ ಇರುತ್ತದೆ. ಅಂದರೆ ಮೈನಸ್ 1 ಅಂತ ಬರೆದ ಚೀಲದಲ್ಲಿ ನಿಮಗೆ ಬೆಚ್ಚಗಿರುವುದು ಪ್ಲಸ್ 4 ಅಥವಾ 5ರವರೆಗೆ ಮಾತ್ರ.

ಮಲೆನಾಡಮಳೆ, ನಿಮ್ಮ ಚೀಲದ ಒಳಗಿನ ಸಣ್ಣ ಲೇಬಲ್ ನೋಡಿ ಹೇಳಿ.

ಮಲೆನಾಡಮಳೆ:

ನೋಡಿದೆ. ಹೊರಗೆ ದೊಡ್ಡದಾಗಿ ಮೈನಸ್ 1. ಒಳಗೆ ಕಂಫರ್ಟ್ ಪ್ಲಸ್ 4! ಹೆನ್ರಿ ಕೋದಲ್ಲಿ ನನಗೊಬ್ಬಳಿಗೇ ಯಾಕೆ ಚಳಿ ಆಗುತ್ತಿತ್ತು ಅಂತ ಈಗ ಗೊತ್ತಾಯಿತು. ಜೊತೆಗಿದ್ದವರು ನಾನು ಸೂಕ್ಷ್ಮ ಅಂತ ಹೇಳುತ್ತಿದ್ದರು.

ಸಂಪಿಗೆಮರ:

ಸೂಕ್ಷ್ಮವೂ ಅಲ್ಲ ಏನೂ ಅಲ್ಲ. ಚೀಲ ನಿಮ್ಮ ಅಳತೆಯದಾಗಿರಲಿಲ್ಲ, ಅಷ್ಟೇ.

ಕಂಫರ್ಟ್ ಮೈನಸ್ 4ರಿಂದ ಮೈನಸ್ 6 ಇರುವಂಥದ್ದು ಹುಡುಕಿ. ಬಾತುಕೋಳಿ ಪುಕ್ಕದ್ದೇ ಆಗಲಿ, ಅಂದರೆ ಡೌನ್. 850 ಫಿಲ್ ಪವರ್ ಇದ್ದರೆ ಕಡಿಮೆ ಪುಕ್ಕದಲ್ಲಿ ಜಾಸ್ತಿ ಉಬ್ಬುತ್ತದೆ. ಇನ್ನೂ ಒಂದು: ಗಂಡಸರ ರೆಗ್ಯುಲರ್ ಚೀಲ 183 ಸೆಂಮೀ ಎತ್ತರದವರಿಗೆ ಹೊಲಿದದ್ದು. ನೀವು ಅದರಲ್ಲಿ ಮಲಗಿದರೆ ಕಾಲ ಬಳಿ ಖಾಲಿ ಜಾಗ ಉಳಿಯುತ್ತದೆ, ಅದನ್ನೂ ನಿಮ್ಮ ಮೈಯೇ ಬೆಚ್ಚಗೆ ಮಾಡಬೇಕು. ಶಾರ್ಟ್ ಸೈಜ್ ತಗೊಂಡರೆ ಬೆಚ್ಚಗೂ ಆಯಿತು, 100 ಗ್ರಾಂ ಹತ್ತಿರ ಉಳಿಯಿತು.

ಕಲ್ಲುದಾರಿ:

ಇದನ್ನೇ ನಾನೂ ಹೇಳಬೇಕೆಂದಿದ್ದೆ. ಡಬ್ಬಿ ಒಲೆ ಸಣ್ಣದಾಗುವುದಿಲ್ಲ, ಸರಿ. ಆದರೆ ಎಲ್ಲೆಲ್ಲಿ ಸಣ್ಣ ಅಳತೆ ಸಿಗುತ್ತದೋ ಅಲ್ಲೆಲ್ಲ ಬಿಡಬೇಡಿ. 157 ಸೆಂಮೀ ಇರುವವರಿಗೆ ಮ್ಯಾಟ್ ಕೂಡ 168 ಸೆಂಮೀ ಉದ್ದದ್ದು ಧಾರಾಳ. ಥರ್ಮಾರೆಸ್ಟ್ ಎಕ್ಸ್‌ಲೈಟ್‌ನ ಶಾರ್ಟ್ ಸುಮಾರು 330 ಗ್ರಾಂ. ಅದರ ಆರ್ ವ್ಯಾಲ್ಯೂ 4.5. ನೆಲದ ಚಳಿ ತಡೆಯುವ ಶಕ್ತಿಗೆ ಆರ್ ವ್ಯಾಲ್ಯೂ ಅಂತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮಡಚುವ ಫೋಮ್ ಮ್ಯಾಟ್ 410 ಗ್ರಾಂ ಇದ್ದರೂ ಆರ್ ವ್ಯಾಲ್ಯೂ 2 ಅಷ್ಟೇ. ಈ ದಾರಿಗೆ ಹೆಂಗಸರಿಗೆ ನಾನು 4ಕ್ಕಿಂತ ಕೆಳಗೆ ಹೇಳುವುದಿಲ್ಲ.

ಕ್ವಿಲ್ಟ್ ಬಗ್ಗೆ ಯಾರಾದರೂ ಹೇಳಬಹುದು. ಅದು ಬೆನ್ನಿನ ಕಡೆ ತೆರೆದಿರುವ ಚೀಲ, 600 ಗ್ರಾಂಗೆಲ್ಲ ಸಿಗುತ್ತದೆ. ಆದರೆ ಹೊರಳಾಡಿ ಮಲಗುವವರಿಗೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಚಳಿ ತಡೆಯದವರಿಗೆ ಮೊದಲ ನಡಿಗೆಯಲ್ಲಿ ಪೂರ್ತಿ ಚೀಲವೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ನೀಲಿಕೊಡೆ:

ಟೆಂಟ್ ಬಗ್ಗೆ ನಾನು ಹೇಳ್ತೇನೆ. ಇಬ್ಬರ ಟೆಂಟ್ ಬೇಡ. ವಾಕಿಂಗ್ ಕೋಲಿನ ಮೇಲೆ ನಿಲ್ಲುವ ಒಬ್ಬರ ಟೆಂಟ್ ನೋಡಿ. ಡರ್ಸ್ಟನ್ ಎಕ್ಸ್-ಮಿಡ್ 1 ಸುಮಾರು 800 ಗ್ರಾಂ, ಎರಡು ಪದರ ಇದೆ, ಬೆಲೆಯೂ ತೀರಾ ಆಕಾಶದಲ್ಲಿಲ್ಲ. ಡೈನೀಮಾ ಬಟ್ಟೆಯದ್ದು 500 ಗ್ರಾಂ ಆಸುಪಾಸಿನಲ್ಲಿ ಸಿಗುತ್ತದೆ, ದುಡ್ಡು ಮಾತ್ರ ದುಪ್ಪಟ್ಟಿಗಿಂತ ಜಾಸ್ತಿ.

ಕೋಲು ಕೊಳ್ಳುವಾಗ ಗಮನ ಇರಲಿ. ನಿಮ್ಮ ಎತ್ತರಕ್ಕೆ ನಡೆಯುವಾಗ 105 ಸೆಂಮೀ ಸಾಕು. ಆದರೆ ಕೆಲವು ಟೆಂಟ್‌ಗೆ ಕೋಲು 120 ಸೆಂಮೀ ನಿಲ್ಲಬೇಕು. ಉದ್ದ ಬದಲಿಸಲಾಗದ ಕುಳ್ಳ ಕೋಲು ತಗೊಂಡರೆ ಟೆಂಟ್ ನಿಲ್ಲುವುದೇ ಇಲ್ಲ. ಹೊಂದಿಸುವ ಕೋಲೇ ಬೇಕು.

ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ, ಆಲಿಕಲ್ಲು ಬರುತ್ತದೆ. ಟಾರ್ಪ್ ಅಭ್ಯಾಸ ಇದ್ದವರಿಗೆ ಸರಿ, ಮರ ಇಲ್ಲದ ಬಂಡೆಯ ಮೇಲೆ ಮೊದಲ ಸಲ ಒಬ್ಬರೇ ಟಾರ್ಪ್ ಕಟ್ಟುವುದು ಸುಲಭದ ಮಾತಲ್ಲ.

ಗ್ರಾಂಲೆಕ್ಕ:

ಟಾರ್ಪ್ ವಿಷಯ ಒಪ್ಪಿದೆ. ಆದರೆ ಬಟ್ಟೆ 2400 ಗ್ರಾಂ ಯಾಕೆ ಅಂತ ಯಾರೂ ಕೇಳಲಿಲ್ಲ. ಏನೇನಿದೆ ಅದರಲ್ಲಿ?

ಮಲೆನಾಡಮಳೆ:

ಮೂರು ಟೀ ಶರ್ಟ್, ಎರಡು ಪ್ಯಾಂಟ್, ಐದು ಜೊತೆ ಒಳಉಡುಪು, ನಾಲ್ಕು ಜೊತೆ ಸಾಕ್ಸ್, ಫ್ಲೀಸ್, ಡೌನ್ ಜಾಕೆಟ್, ಮಳೆ ಜಾಕೆಟ್, ಮಳೆ ಪ್ಯಾಂಟ್, ಮಲಗಲು ಒಂದು ಜೊತೆ ಬಟ್ಟೆ, ಟೋಪಿ, ಕೈಗವಸು. ಒಳಉಡುಪು ಕಡಿಮೆ ಮಾಡಲು ಮನಸ್ಸು ಬರುತ್ತಿಲ್ಲ.

ಸಂಪಿಗೆಮರ:

ನಾನು ನರ್ಸ್, ಸ್ವಲ್ಪ ಬಿಡಿಸಿ ಹೇಳ್ತೇನೆ. ಸಂಕೋಚ ಬೇಡ, ಇಲ್ಲಿ ಕೇಳದೆ ಎಲ್ಲಿ ಕೇಳುವುದು ಅಲ್ವಾ.

ಒಳಉಡುಪು ಮೂರು ಸಾಕು. ಒಂದು ಮೈಮೇಲೆ, ಒಂದು ಒಗೆದು ಬ್ಯಾಗಿನ ಹಿಂದೆ ಒಣಗಲು, ಒಂದು ರಾತ್ರಿಗೆ. ಹತ್ತಿಯದ್ದು ಬೇಡ, ಬೆವರು ಹಿಡಿದಿಟ್ಟುಕೊಂಡು ತೊಡೆ ಸಂದಿ ಉಜ್ಜುತ್ತದೆ, ಸೋಂಕಿಗೂ ದಾರಿ. ಮೆರಿನೊ ಅಥವಾ ತೆಳು ಸಿಂಥೆಟಿಕ್. ಬ್ರಾ ಕೂಡ ತಂತಿ, ಕೊಕ್ಕೆ ಇಲ್ಲದ ತೆಳು ಸ್ಪೋರ್ಟ್ಸ್ ಬ್ರಾ. ದಪ್ಪ ಪ್ಯಾಡ್ ಇರುವುದು ರಾತ್ರಿಯಾದರೂ ಒಣಗುವುದಿಲ್ಲ, ಹೆಗಲ ಪಟ್ಟಿಯ ಕೆಳಗೆ ಕೊಕ್ಕೆ ಸಿಕ್ಕಿಕೊಂಡರೆ ಚರ್ಮ ಸುಲಿಯುತ್ತದೆ.

ಬಟ್ಟೆ ಒಗೆಯುವುದು, ಮೈ ತೊಳೆಯುವುದು ಏನಿದ್ದರೂ ಹೊಳೆ ಕೆರೆಯಿಂದ 60 ಮೀಟರ್ ದೂರದಲ್ಲಿ. ನೀರು ತುಂಬಿಕೊಂಡು ಹೋಗಿ ಅಲ್ಲಿ ತೊಳೆಯಿರಿ. ಸೋಪು ಹೊಳೆಗೆ ಸೇರಬಾರದು.

ಮೂತ್ರಕ್ಕೆ ಟಿಶ್ಯೂ ಕಟ್ಟು ಹೊರಬೇಡಿ. ಬಳಸಿದ ಟಿಶ್ಯೂ ಅಲ್ಲಿ ಹೂಳುವ ಹಾಗಿಲ್ಲ, ಎಲ್ಲ ವಾಪಸ್ ಹೊತ್ತು ತರಬೇಕು. ಇದಕ್ಕೇ ಅಂತ ಒಂದು ಸಣ್ಣ ಬಟ್ಟೆ ಬರುತ್ತದೆ, ಪೀ ಕ್ಲಾತ್ ಅಂತಾರೆ. ಒರೆಸಿ ಬ್ಯಾಗಿನ ಹೊರಗೆ ಸಿಕ್ಕಿಸಿದರೆ ಬಿಸಿಲಿಗೆ ಒಣಗುತ್ತದೆ, ಸಂಜೆ ತೊಳೆದರೆ ಆಯಿತು. ಕೊಳ್ಳಲೇಬೇಕು ಅಂತಿಲ್ಲ, ತೆಳು ಮೈಕ್ರೋಫೈಬರ್ ತುಂಡೂ ಆಗುತ್ತದೆ. ದೊಡ್ಡದಕ್ಕೆ 15ರಿಂದ 20 ಸೆಂಮೀ ಆಳದ ಗುಂಡಿ, ಅದಕ್ಕೆ 17 ಗ್ರಾಂನ ಅಲ್ಯೂಮಿನಿಯಂ ಸಲಿಕೆ ಸಿಗುತ್ತದೆ. ಆದರೆ ವಿಟ್ನಿ ಪ್ರದೇಶದಲ್ಲಿ ಗುಂಡಿಯೂ ಇಲ್ಲ. ಅಲ್ಲಿ ವ್ಯಾಗ್ ಬ್ಯಾಗ್‌ನಲ್ಲಿ ತುಂಬಿ ಹೊತ್ತು ಇಳಿಸಬೇಕು, ಅದು ಕಡ್ಡಾಯ.

ತುಂಬಾ ಮುಖ್ಯ: ನೀರು ಕಡಿಮೆ ಕುಡಿದು ಮೂತ್ರ ತಡೆಯುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಹೆಂಗಸರಿಗಿದೆ, ಬಸ್ ಪ್ರಯಾಣದಿಂದ ಬಂದದ್ದು. ಬೆಟ್ಟದ ಮೇಲೆ ಅದು ಬೇಡವೇ ಬೇಡ. ರಸ್ತೆಯಿಂದ ಎರಡು ದಿನ ದೂರದಲ್ಲಿ ಮೂತ್ರದ ಸೋಂಕು ಹತ್ತಿದರೆ ಬಹಳ ಕಷ್ಟ. ಹೊರಡುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಅಗತ್ಯ ಮಾತ್ರೆ ಜೊತೆಗೆ ಕೊಡುತ್ತಾರೆಯೇ ಕೇಳಿ. ಎತ್ತರದ ತಲೆನೋವಿನ ಬಗ್ಗೆಯೂ ಅವತ್ತೇ ಕೇಳಿ.

ಮಲೆನಾಡಮಳೆ:

ಮುಟ್ಟಿನ ಬಗ್ಗೆಯೂ ಹೇಳಿ. ಕ್ಯಾಲೆಂಡರ್ ಪ್ರಕಾರ ಸರಿಯಾಗಿ ನಡುವೆ ಬರುತ್ತದೆ. ಕರಡಿ ವಾಸನೆಗೆ ಬರುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೆದರಿಸಿದರು.

ಸಂಪಿಗೆಮರ:

ಸಿಯೆರಾದಲ್ಲಿ ಇರುವುದು ಕಪ್ಪು ಕರಡಿ ಮಾತ್ರ. ಗ್ರಿಜ್ಲಿ ಕರಡಿ ಕ್ಯಾಲಿಫೋರ್ನಿಯಾದಿಂದ ಹೋಗಿ ನೂರು ವರ್ಷವಾಯಿತು. ಕಪ್ಪು ಕರಡಿಗೆ ಬೇಕಾದದ್ದು ನಿಮ್ಮ ಊಟ. ಮುಟ್ಟಾದ ಹೆಂಗಸರ ಮೇಲೆ ಅದು ಬೀಳುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆದರೆ ಬಳಸಿದ ಪ್ಯಾಡ್, ಟ್ಯಾಂಪನ್ ವಾಸನೆಯ ವಸ್ತುವೇ, ರಾತ್ರಿ ಡಬ್ಬಿಯೊಳಗೆ ಇರಬೇಕು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್ ಕೂಡ ಹಾಗೇ.

ಮುಟ್ಟಿನ ಕಪ್ ಅಭ್ಯಾಸ ಇದ್ದರೆ ಅದೇ ಉತ್ತಮ. 20 ಗ್ರಾಂ ಕೂಡ ಇರುವುದಿಲ್ಲ, ಕಸವೂ ಇಲ್ಲ. ರಕ್ತವನ್ನು ಶೌಚದ ಗುಂಡಿಯಲ್ಲೇ ಹಾಕಿ ಮುಚ್ಚಿ. ಕಪ್ ತೊಳೆಯಲು ಶುದ್ಧ ಮಾಡಿದ ನೀರು, ಅದಕ್ಕೂ ಮೊದಲು ಕೈಗೆ ಸೋಪು. ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಆದರೆ ಕಪ್ ಈವರೆಗೆ ಬಳಸಿಲ್ಲ ಅಂದರೆ ಈಗಿನಿಂದಲೇ ಮನೆಯಲ್ಲಿ ರೂಢಿ ಮಾಡಿಕೊಳ್ಳಿ. ರೂಢಿ ಆಗದಿದ್ದರೆ ಪ್ಯಾಡೇ ಒಯ್ಯಿರಿ, ಅದರ 150 ಗ್ರಾಂ ಹೊರುವುದರಲ್ಲಿ ತಪ್ಪೇನೂ ಇಲ್ಲ. ದೇಹ ದಣಿದಾಗ ದಿನ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಲೆಕ್ಕ ನಂಬಿ ಬಿಟ್ಟು ಹೋಗಬೇಡಿ.

ಕಲ್ಲುದಾರಿ:

ಬಟ್ಟೆ ಮುಗಿಸೋಣ. ನಡೆಯಲು ಒಂದು ಉದ್ದ ತೋಳಿನ ತೆಳು ಬಿಸಿಲ ಅಂಗಿ, ಒಂದು ಪ್ಯಾಂಟ್, ಇವು ಮೈಮೇಲೆ. ಬ್ಯಾಗಿನಲ್ಲಿ ಮಲಗುವ ಒಂದು ಜೊತೆ, ಅದು ಯಾವತ್ತೂ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ. ಡೌನ್ ಜಾಕೆಟ್ ಬೇಕೇ ಬೇಕು. ತೆಳು ಫ್ಲೀಸ್ ಇರಲಿ. ಮಳೆ ಜಾಕೆಟ್ ಇರಲಿ, ಮಳೆ ಪ್ಯಾಂಟ್ ಆಗಸ್ಟ್‌ಗೆ ಬಿಡಬಹುದು. ಸಾಕ್ಸ್ ಮೂರು ಜೊತೆ. 1500 ಗ್ರಾಂಗೆ ಬರುತ್ತದೆ. ಸೊಳ್ಳೆಗೆ ತಲೆಬಲೆ ಒಂದು ತಗೊಳ್ಳಿ, 30 ಗ್ರಾಂ ಅಷ್ಟೇ.

ನೀಲಿಕೊಡೆ:

ಶೂ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ! ಚರ್ಮದ ಎತ್ತರದ ಬೂಟ್ ಬೇಡ. ಹಗುರದ ಟ್ರೇಲ್ ರನ್ನರ್, ಅಂದರೆ ಬೆಟ್ಟದ ದಾರಿಯಲ್ಲಿ ಓಡುವ ಶೂ, ಹಾಕಿ, ಹೊಳೆ ದಾಟಿದ ಮೇಲೆ ಬೇಗ ಒಣಗುತ್ತದೆ. ಅರ್ಧದಿಂದ ಒಂದು ಸೈಜ್ ದೊಡ್ಡದು ತಗೊಳ್ಳಿ, ವಾರ ಕಳೆಯುವಷ್ಟರಲ್ಲಿ ಪಾದ ಊದುತ್ತದೆ. ಮುಂಭಾಗ ಅಗಲ ಇರಬೇಕು. ಊರಲ್ಲಿ ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದವರ ಪಾದ ಅಗಲ ಇರುವುದೇ ಜಾಸ್ತಿ. ಹೆಂಗಸರ ಶೂ ಇಕ್ಕಟ್ಟಾದರೆ ಗಂಡಸರ ಶೂ ಹಾಕಿ ನೋಡಿ, ಅದರಲ್ಲಿ ನಾಚಿಕೆ ಏನಿದೆ.

ಕಲ್ಲುದಾರಿ:

ಹಳೇ ಕಾಲುಗಂಟಿನ ನೋವು ಇದ್ದವರಿಗೆ ಮಾತ್ರ ನಾನು ಬೂಟ್ ಬೇಡ ಅನ್ನುವುದಿಲ್ಲ. ಉಳಿದವರಿಗೆ ನಿಮ್ಮ ಮಾತೇ ಸರಿ.

ಈಗ ಬ್ಯಾಗ್. ಕುತ್ತಿಗೆ ಬಗ್ಗಿಸಿದಾಗ ಹಿಂದೆ ಉಬ್ಬಿ ನಿಲ್ಲುವ ಮೂಳೆಯಿಂದ, ಸೊಂಟದ ಮೂಳೆಯ ಮೇಲ್ತುದಿಯ ಮಟ್ಟದವರೆಗೆ ಟೇಪ್ ಹಿಡಿಯಿರಿ. ಅದು ನಿಮ್ಮ ಬೆನ್ನಿನ ಉದ್ದ. ಬ್ಯಾಗಿನ ಸೈಜ್ ಇದರ ಮೇಲೆ ಹೋಗುತ್ತದೆ, ನಿಮ್ಮ ಎತ್ತರದ ಮೇಲಲ್ಲ. ಹೆಂಗಸರ ಬ್ಯಾಗಿನ ಹೆಗಲ ಪಟ್ಟಿ ಎದೆಯ ಪಕ್ಕದಿಂದ ಬಳಸಿ ಹೋಗುವಂತೆ ಬಾಗಿರುತ್ತದೆ, ಸೊಂಟಪಟ್ಟಿಯೂ ಓರೆಯಾಗಿರುತ್ತದೆ. ಭಾರದ ಹೆಚ್ಚು ಪಾಲು ಸೊಂಟದ ಮೇಲೆ ಕೂರಬೇಕು, ಹೆಗಲ ಮೇಲಲ್ಲ. ಸೊಂಟಪಟ್ಟಿ ಪೂರ್ತಿ ಬಿಗಿದರೂ ಇನ್ನೂ ಜಾರುತ್ತಿದ್ದರೆ ಆ ಬ್ಯಾಗ್ ನಿಮಗಲ್ಲ. ನಡೆಯುತ್ತಾ ನೀವು ಇನ್ನೂ ಸಣ್ಣಗಾಗುತ್ತೀರಿ, ಅದಕ್ಕೂ ಸ್ವಲ್ಪ ಬಿಗಿಯಲು ಉಳಿದಿರಬೇಕು.

ಅಂಗಡಿಗೆ ಹೋಗುವಾಗ ಕರಡಿ ಡಬ್ಬಿಯನ್ನೂ ತಗೊಂಡು ಹೋಗಿ. ನಿಮ್ಮದು 1160 ಗ್ರಾಂ ಅಂದರೆ ಬೇರ್‌ವಾಲ್ಟ್ 500 ಇರಬೇಕು, ಅಡ್ಡಳತೆ 22 ಸೆಂಮೀ. ಸಣ್ಣ ಬೆನ್ನಿನ ಬ್ಯಾಗುಗಳು ಒಳಗೂ ಕಿರಿದು. ಡಬ್ಬಿ ನೆಟ್ಟಗೆ, ಬೆನ್ನಿಗೆ ಅಂಟಿ, ನಡುವಿನಲ್ಲಿ ಕೂರಬೇಕು. ಅದರ ಅಂಚು ಬೆನ್ನಿಗೆ ಚುಚ್ಚುತ್ತದೆಯೇ ಅಂತ 12 ಕೆಜಿ ತುಂಬಿ ಅಂಗಡಿಯಲ್ಲೇ ಅರ್ಧ ಗಂಟೆ ಓಡಾಡಿ. ಮೇಲಿನ ಹಾಗೆ ಸಾಮಾನು ಇಳಿದರೆ 50 ಲೀಟರ್ ಆಸುಪಾಸು, 1 ಕೆಜಿಯ ಬ್ಯಾಗ್ ಸಾಕು. ಆರ್‌ಇಐ ಅನ್ನುವ ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಹಳೇ ಸಾಮಾನಿನ ವಿಭಾಗ ಇದೆ, ಅಲ್ಲಿ ನೋಡಿ.

ರಾಗಿಮುದ್ದೆ:

ಊಟದ ಮಾತು ನನಗೆ ಬಿಡಿ. ಒಲೆ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಮ್ಮಲ್ಲಿ ಉತ್ತರ ಇದೆ, ಗೊಜ್ಜವಲಕ್ಕಿ. ಕುಟ್ಟಿದ ಅವಲಕ್ಕಿ, ಹುಣಿಸೆ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಹುರಿದ ಶೇಂಗಾ. ತಣ್ಣೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಊಟ. ಇದರಲ್ಲಿ ಇನ್ನೊಂದು ಲಾಭ ಇದೆ. ಡಬ್ಬಿಯಲ್ಲಿ ತೊಂದರೆ ಬರುವುದು ತೂಕದ್ದಲ್ಲ, ಜಾಗದ್ದು. 11.5 ಲೀಟರ್ ಅಷ್ಟೇ. ಇಡೀ ಅವಲಕ್ಕಿ ಉಬ್ಬಿಕೊಂಡು ಜಾಗ ತಿನ್ನುತ್ತದೆ, ತರಿ ತರಿಯಾಗಿ ಕುಟ್ಟಿದರೆ ಅರ್ಧಕ್ಕೆ ಇಳಿಯುತ್ತದೆ. ಮಂಡಕ್ಕಿ, ಚಿಪ್ಸ್, ಗಾಳಿ ತುಂಬಿದ ಪೊಟ್ಟಣ ಯಾವುದೂ ಬೇಡ.

ಬೇಳೆ ಒಯ್ಯಬೇಡಿ. 3300 ಮೀಟರ್‌ನಲ್ಲಿ ನೀರು 89 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ. ಹುರಿದ ರವೆಯ ಉಪ್ಪಿಟ್ಟು ಮಿಕ್ಸ್, ಹುರಿಹಿಟ್ಟು ಒಳ್ಳೆಯದು. ತುಪ್ಪ ಧಾರಾಳವಾಗಿ ಹಾಕಿ. 100 ಗ್ರಾಂ ಅವಲಕ್ಕಿಯಲ್ಲಿ 350 ಕ್ಯಾಲೊರಿ, ಶೇಂಗಾದಲ್ಲಿ 570, ತುಪ್ಪದಲ್ಲಿ ಹತ್ತಿರ ಹತ್ತಿರ 900. ಅದೇ ತೂಕಕ್ಕೆ ಎರಡೂವರೆ ಪಟ್ಟು ಶಕ್ತಿ. ಚಟ್ನಿಪುಡಿ, ಶೇಂಗಾ ಚಿಕ್ಕಿ, ಕೊಬ್ಬರಿ ಮಿಠಾಯಿ. ದಿನಕ್ಕೆ 700 ಗ್ರಾಂ ಲೆಕ್ಕ ಇಡಿ, ಅದಕ್ಕಿಂತ ಕಡಿಮೆ ಬೇಡ. ತೂಕ ಇಳಿಸುವ ಆಸೆಗೆ ಊಟಕ್ಕೆ ಕೈ ಹಾಕುವ ಹೆಂಗಸರನ್ನು ಬಹಳ ನೋಡಿದ್ದೇನೆ. ಅದು ಆಗಬಾರದು.

ಮಲೆನಾಡಮಳೆ:

ಗೊಜ್ಜವಲಕ್ಕಿ ಹೊಳೆದೇ ಇರಲಿಲ್ಲ, ಧನ್ಯವಾದ! ಆದರೆ ಒಲೆ ಬಿಡಲಾರೆ. ಬೆಳಗಿನ ಕಾಫಿ ಬೇಕು.

ಗ್ರಾಂಲೆಕ್ಕ:

ಹಾಗಾದರೆ 25 ಗ್ರಾಂನ ಬಿಆರ್‌ಎಸ್ ಒಲೆ, 750 ಮಿಲಿಯ ಟೈಟಾನಿಯಂ ಮಗ್, ಒಂದು ಚಮಚ, ಒಂದು ಲೈಟರ್. 170 ಗ್ರಾಂ. ಆ ಒಲೆಗೆ ಗಾಳಿ ಆಗದು, ಬಂಡೆಯ ಮರೆಯಲ್ಲಿ ಹಚ್ಚಿ. ಪಂಪ್ ಫಿಲ್ಟರ್ ಬದಲು ಸಾಯರ್ ಸ್ಕ್ವೀಜ್ 85 ಗ್ರಾಂ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಳಗಿನ ನೀರು ಹೆಪ್ಪುಗಟ್ಟಿದರೆ ನಳಿಗೆ ಒಡೆಯುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಗಟ್ಟಿ ಬಾಟಲಿ 180 ಗ್ರಾಂ, ಅಂಗಡಿಯ ನೀರಿನ ಬಾಟಲಿ 40. ಈ ದಾರಿಯಲ್ಲಿ ನೀರು ಆಗಾಗ ಸಿಗುತ್ತದೆ, ಎರಡು ಲೀಟರ್ ಹೊತ್ತು ನಡೆಯಬೇಡಿ, ಒಂದೇ ಸಾಕು. ಇಲ್ಲೇ ಒಂದು ಕೆಜಿ ಉಳಿಯಿತು, ಒಂದು ಪೈಸೆ ಖರ್ಚಿಲ್ಲದೆ.

ಮಲೆನಾಡಮಳೆ:

ಕ್ಯಾಮೆರಾ, ಪೆಪ್ಪರ್ ಸ್ಪ್ರೇ? ಸ್ಪ್ರೇ ಅಮ್ಮನ ಒತ್ತಾಯ. ಒಬ್ಬಳೇ ಹೋಗುತ್ತೇನೆ ಅಂದಾಗಿನಿಂದ ಅವರಿಗೆ ನಿದ್ದೆ ಇಲ್ಲ.

ನೀಲಿಕೊಡೆ:

ಯೊಸೆಮಿಟಿಯೊಳಗೆ ಪೆಪ್ಪರ್ ಸ್ಪ್ರೇಗೆ ಅನುಮತಿ ಇಲ್ಲ, ಕರಡಿ ಸ್ಪ್ರೇಗೂ ಇಲ್ಲ. ಅದನ್ನು ಬಿಡಲೇಬೇಕು, ಅಮ್ಮನಿಗೂ ಹಾಗೇ ಹೇಳಿ. ಅದರ ಬದಲು ಗಾರ್ಮಿನ್ ಇನ್‌ರೀಚ್ ಮಿನಿ ತಗೊಳ್ಳಿ, 100 ಗ್ರಾಂ. ಫೋನ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಪ್ರತಿ ಸಂಜೆ ಅಮ್ಮನಿಗೆ ಒಂದು ಸಂದೇಶ ಹೋಗುತ್ತದೆ, ನೀವೆಲ್ಲಿದ್ದೀರಿ ಅಂತ ನಕ್ಷೆಯಲ್ಲಿ ಕಾಣುತ್ತದೆ. ತಿಂಗಳಿಗೆ ಚಂದಾ ಕಟ್ಟಬೇಕು. ಐಫೋನ್ 14 ಅಥವಾ ಆಮೇಲಿನದ್ದಾದರೆ ತುರ್ತು ಸಂದೇಶ ಉಪಗ್ರಹದಿಂದ ಹೋಗುತ್ತದೆ, ಆದರೆ ಬಿದ್ದು ಫೋನ್ ಒಡೆದರೆ ಅದೂ ಇಲ್ಲ. ಒಬ್ಬರೇ ನಡೆಯುವ ಹೆಂಗಸಿಗೆ ಈ 100 ಗ್ರಾಂ ಬೇಡ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಗ್ರಾಂಲೆಕ್ಕ:

ಅದು ಬೇಕು, ನಾನೂ ಹೊರುತ್ತೇನೆ. ಕ್ಯಾಮೆರಾ ಮಾತ್ರ ಫೋನೇ ಸಾಕು. ಪವರ್ ಬ್ಯಾಂಕ್ 10,000 ಎಂಎಎಚ್ ಇರುವುದು, 200 ಗ್ರಾಂ.

ಕಲ್ಲುದಾರಿ:

ಕ್ಯಾಮೆರಾ ಅವರ ಪ್ರಾಣ ಆಗಿದ್ದರೆ ಒಯ್ಯಲಿ ಬಿಡಿ. ಹಗುರ ಮಾಡುವುದೇ ಇಷ್ಟವಾದ ಒಂದೆರಡಕ್ಕೆ ಜಾಗ ಸಿಗಲಿ ಅಂತ.

ಮಲೆನಾಡಮಳೆ:

ಕ್ಯಾಮೆರಾ ಬಿಟ್ಟೆ, ಪುಸ್ತಕ ಫೋನಿಗೆ ಹಾಕಿಕೊಂಡೆ. ಕುರ್ಚಿಯೂ ಹೋಯಿತು. ಹೊಸ ಲೆಕ್ಕ ಇಲ್ಲಿದೆ: ಟೆಂಟ್ ಮತ್ತು ಮೊಳೆ 900, ಶಾರ್ಟ್ ಸ್ಲೀಪಿಂಗ್ ಬ್ಯಾಗ್ 850, ಮ್ಯಾಟ್ 330, ಡಬ್ಬಿ 1160, ಬ್ಯಾಗ್ 1000, ಅಡುಗೆ 170, ಬಟ್ಟೆ 1500, ನೀರಿನದ್ದು 200, ಎಲೆಕ್ಟ್ರಾನಿಕ್ಸ್ 400, ಔಷಧಿ ಮತ್ತು ಶೌಚದ ಸಾಮಾನು 400, ತಲೆಬಲೆ ಇತ್ಯಾದಿ 150. ಒಟ್ಟು 7060 ಗ್ರಾಂ! ಆರು ದಿನದ ಊಟ, ಒಂದು ಲೀಟರ್ ನೀರು, ಗ್ಯಾಸ್ ಸೇರಿ 12 ಕೆಜಿ ಚಿಲ್ಲರೆ. ಸ್ಲೀಪಿಂಗ್ ಬ್ಯಾಗ್ ಮಾತ್ರ ಹೊಸದು ಕೊಳ್ಳುತ್ತೇನೆ, ಟೆಂಟ್ ಮತ್ತು ಬ್ಯಾಗ್ ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ.

ಆರು ದಿನಕ್ಕಿಂತ ಜಾಸ್ತಿ ಊಟ ಹೊರದೆ ಹೇಗೆ ಮುಗಿಸುವುದು? ಮ್ಯೂರ್ ಟ್ರೇಲ್ ರ‍್ಯಾಂಚ್ ಆದಮೇಲೆ ಏನೂ ಸಿಗುವುದಿಲ್ಲ ಅಂತ ಕೇಳಿದೆ.

ಕಲ್ಲುದಾರಿ:

ದಾರಿಯಲ್ಲಿ ಊಟ ಮತ್ತೆ ತುಂಬಿಕೊಳ್ಳುವ ಜಾಗಗಳಿವೆ: ಮೊದಲಿಗೆ ಟುವಾಲಮಿ ಮೆಡೋಸ್, ಆಮೇಲೆ ರೆಡ್ಸ್ ಮೆಡೋ, ನಂತರ ಮ್ಯೂರ್ ಟ್ರೇಲ್ ರ‍್ಯಾಂಚ್. ರ‍್ಯಾಂಚ್ ಇರುವುದು ಸುಮಾರು ಅರ್ಧ ದಾರಿಯಲ್ಲಿ. ಅಲ್ಲಿಂದ ವಿಟ್ನಿ ದಾಟಿ ಕೆಳಗಿನ ರಸ್ತೆಗೆ ಇಳಿಯಲು ಇನ್ನೂ 175 ಕಿಮೀ ಹತ್ತಿರ, ಬೆಟ್ಟ ದಾಟುವ ಎತ್ತರದ ಪಾಸ್‌ಗಳೆಲ್ಲ ಆ ಅರ್ಧದಲ್ಲೇ. ಮ್ಯೂರ್, ಮ್ಯಾಥರ್, ಪಿಂಚೊ, ಗ್ಲೆನ್, ಕೊನೆಗೆ 4009 ಮೀಟರ್‌ನ ಫಾರೆಸ್ಟರ್. ಅಷ್ಟನ್ನೂ ಒಂದೇ ಡಬ್ಬಿ ಊಟದಲ್ಲಿ ಮುಗಿಸಲು ಹೋಗಬೇಡಿ. ಗ್ಲೆನ್ ಪಾಸ್ ಇಳಿದ ಮೇಲೆ ಕಿಯರ್‌ಸಾರ್ಜ್ ಪಾಸ್ ಮೇಲಿಂದ ಪೂರ್ವಕ್ಕೆ ಆನಿಯನ್ ವ್ಯಾಲಿಗೆ ಇಳಿಯಬಹುದು. ಅಲ್ಲಿಂದ ಇಂಡಿಪೆಂಡೆನ್ಸ್ ಊರು. ಒಂದು ರಾತ್ರಿ ಹಾಸಿಗೆಯ ಮೇಲೆ ಮಲಗಿ, ಸ್ನಾನ ಮಾಡಿ, ಡಬ್ಬಿ ತುಂಬಿಕೊಂಡು ಮತ್ತೆ ಹತ್ತಿ. ದಾರಿ ಸ್ವಲ್ಪ ಸುತ್ತು, ಆದರೆ 52 ಕೆಜಿಯವರಿಗೆ ಎರಡು ಮೂರು ಕೆಜಿ ಊಟ ಕಡಿಮೆ ಹೊರುವುದು ಸಣ್ಣ ವಿಷಯ ಅಲ್ಲ.

ರ‍್ಯಾಂಚ್‌ಗೆ ಊಟ ಕಳಿಸುವುದು 5 ಗ್ಯಾಲನ್ ಪ್ಲಾಸ್ಟಿಕ್ ಬಕೆಟ್‌ನಲ್ಲಿ, ರಟ್ಟಿನ ಪೆಟ್ಟಿಗೆ ಆಗದು, ಇಲಿ ಕಚ್ಚುತ್ತವೆ. ಅಂಚೆಯಲ್ಲಿ ಹೋಗಿ ಕುದುರೆ ಮೇಲೆ ಏರಿ ತಲುಪಲು ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಬೇಗ ಕಳಿಸಿ. ಅವರ ಶುಲ್ಕವೂ ಇದೆ. ಗ್ಯಾಸ್ ಡಬ್ಬಿ ಮಾತ್ರ ಅದರೊಳಗೆ ಹಾಕಬೇಡಿ, ದಾರಿಯಲ್ಲೇ ಕೊಳ್ಳಿ.

ಮಲೆನಾಡಮಳೆ:

ಸರಿ, ಈ ಶನಿವಾರ ಹೆನ್ರಿ ಕೋದಲ್ಲಿ 12 ಕೆಜಿ ಹೊತ್ತು ಎರಡು ದಿನ ನಡೆಯುತ್ತೇನೆ, ಹಳೇ ಬ್ಯಾಗಿನಲ್ಲೇ. ಬ್ಯಾಗ್ ಕೊಳ್ಳುವುದು ಅದಾದ ಮೇಲೆ. ರಾಗಿಮುದ್ದೆಯವರೇ, ಗೊಜ್ಜವಲಕ್ಕಿಗೆ ಹುಣಿಸೆ ರಸ ಒಣಗಿಸಿ ಪುಡಿ ಮಾಡುವುದೋ ಅಥವಾ ಅಂಗಡಿಯ ಹುಣಿಸೆ ಪುಡಿಯೇ ಸಾಕೋ?

ರಾಗಿಮುದ್ದೆ:

ಅಂಗಡಿ ಪುಡಿ ಸಾಕು. ಒಂದು ಬಟ್ಟಲು ಕುಟ್ಟಿದ ಅವಲಕ್ಕಿಗೆ ಒಂದು ಚಮಚ. ಒಗ್ಗರಣೆಯನ್ನು ಮನೆಯಲ್ಲೇ ಕೊಟ್ಟು, ಪೂರ್ತಿ ಆರಿದ ಮೇಲೆ ಒಂದೊಂದು ಊಟದ ಪೊಟ್ಟಣ ಕಟ್ಟಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಕೊಬ್ಬರಿ ಕೆಂಪಗೆ ಹುರಿದಿರಬೇಕು, ಇಲ್ಲದಿದ್ದರೆ ಎರಡನೇ ವಾರಕ್ಕೆ ಮುಗ್ಗುತ್ತದೆ.